ಚೀನಿಕಾಯಿ ಹೂವಿಗೆ ಬಂದ ಹುಳ

ಕಾಪುವಿನ ಶಾಲೆಯೊಂದರಲ್ಲಿ ನಾನು ವಿಜ್ಞಾನ ಕಲಿಸುತ್ತಿದ್ದಾಗ ಪಕ್ಕದ ಮನೆಯಲ್ಲಿ ಒಬ್ಬ ಅಮ್ಮ ಇದ್ದರು. ಮಗನ ಮಲ್ಲಿಗೆ ತೋಟದ ಅಂಚಿನಲ್ಲಿ ಅವರು ಚೀನಿಕಾಯಿ, ಅಂದರೆ ಸಿಹಿಗುಂಬಳದ ಬಳ್ಳಿ ಹಬ್ಬಿಸಿದ್ದರು. ದಿನಾ ಬೆಳಿಗ್ಗೆ, ನೋಯುವ ಮೊಣಕಾಲಿಗೆ ಕೈಯೂರಿ ಬಗ್ಗಿ, ಗಂಡು ಹೂ ಕೊಯ್ದು, ಕಾಯಿ ಕಚ್ಚಲೆಂದು ಒಂದೊಂದು ಹೆಣ್ಣು ಹೂವಿಗೂ ಅದರ ಪರಾಗದ ಹುಡಿ ತಾಗಿಸುತ್ತಿದ್ದರು. ಸೊಂಟ ನೆಟ್ಟಗೆ ಮಾಡಿದಾಗಲೆಲ್ಲ "ಎಂತ ಮಾಡುವುದು" ಎನ್ನುತ್ತಿದ್ದರು.

"ಗಿಡ ತನ್ನ ಸಕ್ಕರೆಯನ್ನೇ ಹೂವಿನ ಬುಡಕ್ಕೆ ಕಳಿಸಿ ಮಕರಂದ ಮಾಡುತ್ತದೆ ಅಮ್ಮಾ. ಅದು ಹುಳಗಳನ್ನು ಕರೆಯಲಿಕ್ಕೆ. ಕುಡಿಯಲು ಬಂದ ಹುಳವೇ ಈ ಹುಡಿಯನ್ನು ಹೊತ್ತುಕೊಂಡು ಹೋಗುತ್ತದೆ," ಎಂದು ನಾನೊಮ್ಮೆ ಪಾಠ ಹೇಳಿದೆ.

"ಕರೆದರೆ ಸಾಕಾ ಮಾಷ್ಟ್ರೇ? ಬರುವವರು ಬದುಕಿರಬೇಕಲ್ವಾ?" ಎಂದರು.

ಮಗ ಮಲ್ಲಿಗೆಗೆ ಹುಳ ಸಾಯುವ ಮದ್ದು ಬಿಡುತ್ತಿದ್ದ. ಮನೆ ನಡೆಯುತ್ತಿದ್ದುದು ಆ ಮಲ್ಲಿಗೆಯಿಂದಲೇ. ಹಾಗಾಗಿ ಅವನಿಗೆ ಅವರು ಏನೂ ಹೇಳುತ್ತಿರಲಿಲ್ಲ.

ಒಂದು ಸಲ ಮಗ ಮಲೇರಿಯಾ ಹಿಡಿದು ಮೂರು ವಾರ ಮಲಗಿದ. ಮದ್ದಿನ ಪಂಪು ಮೂಲೆ ಸೇರಿತು. ಆಗ ಒಂದು ಬೆಳಿಗ್ಗೆ ಅಮ್ಮ ನನ್ನನ್ನು ಬೇಲಿಯ ಬಳಿ ಕರೆದರು. ಹಳದಿ ಹೂವಿನೊಳಗೆ ಜೇನುಹುಳವೊಂದು ತಲೆ ತೂರಿಸಿ ಕುಡಿಯುತ್ತಿತ್ತು. ಹೊರಬಂದಾಗ ಅದರ ಮೈಯೆಲ್ಲ ಹುಡಿ.

"ಮಗ ಮಲಗಿದರೆ ಹುಳ ಬರ್ತದೆ. ಸಂತೋಷ ಪಡುವುದಾ ಬೇಡವಾ, ನೀವೇ ಹೇಳಿ," ಎಂದವರು ಕೈಯಲ್ಲಿದ್ದ ಗಂಡು ಹೂವನ್ನು ಕೆಳಗಿಟ್ಟು ಅಲ್ಲೇ ಕುಳಿತುಬಿಟ್ಟರು. ಬೆಳಗಿನ ಹೊತ್ತು ಅವರು ಕುಳಿತದ್ದನ್ನು ನಾನು ಕಂಡದ್ದು ಅದೇ ಮೊದಲು.

ಮಗ ಗುಣವಾಗಿ ಎದ್ದ ದಿನ ಅಮ್ಮ ಅವನಿಗೆ ಬಿಸಿ ಗಂಜಿ ಬಡಿಸಿದರು. ಆಮೇಲೆ ಮದ್ದು ಬೆರೆಸಲು ಪಂಪಿಗೆ ನೀರು ತುಂಬಿಸಿಕೊಟ್ಟವರೂ ಅವರೇ.