ಊರಿಗೆ ಗೊತ್ತಾಗದ ಹಾಗೆ

ಸಮುದ್ರ ತೋರಿಸುತ್ತೇವೆ ಎಂದು ಕರೆದುಕೊಂಡು ಹೋಗಿ ನನ್ನನ್ನು ತೋರಿಸಿದರು. ಒಂದೇ ಮಾತಿನಲ್ಲಿ ಹೇಳಿ ಮುಗಿಸಬಹುದಾದ ಸಂಗತಿ. ಆದರೆ ಆಮೇಲೆ ಇನ್ನೊಂದು ಚಳಿಗಾಲ ಬಂದು ಹೋದರೂ ನನ್ನ ಸಿಟ್ಟು ಇಳಿದಿಲ್ಲ, ಅದಕ್ಕೇ ಉದ್ದಕ್ಕೆ ಬರೆಯುತ್ತಿದ್ದೇನೆ.

ನಾನು ಮುದ್ದೇಬಿಹಾಳ ಕಡೆಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಇರುವುದು ಬಸವನ ಬಾಗೇವಾಡಿಯಲ್ಲಿ, ಅಣ್ಣ ಮತ್ತು ಅವನ ಹೆಂಡತಿ, ಅಂದರೆ ನನ್ನ ವೈನಿಯ ಜೊತೆ. ವಯಸ್ಸು ಮೂವತ್ತೈದು ದಾಟಿದೆ, ಮದುವೆ ಆಗಿಲ್ಲ. ನಮ್ಮೂರಿನಲ್ಲಿ ಹೆಣ್ಣು ನೋಡಲು ಯಾರಾದರೂ ಬರುತ್ತಾರೆಂದರೆ ಅವರ ಗಾಡಿ ಓಣಿಯೊಳಗೆ ತಿರುಗುವ ಮೊದಲೇ ಓಣಿಗೆಲ್ಲ ಗೊತ್ತಿರುತ್ತದೆ. ಮಿರ್ಚಿ ಕರಿದ ವಾಸನೆ ಹಿಡಿದೇ ಮಂದಿ ಲೆಕ್ಕ ಹಾಕುತ್ತಾರೆ. ನಾನು ಜರಿ ಸೀರೆ ಉಟ್ಟು, ಚುರುಮುರಿ ಸುಸಲಾದ ತಾಟು ಹಿಡಿದು ಬಂದು, ತಲೆ ತಗ್ಗಿಸಿ ಕೂಡಬೇಕು. ಅವರು ತಿಂದು, ಕೈ ಒರೆಸಿಕೊಂಡು, ‘ತಿಳಿಸ್ತೇವ್ರಿ’ ಎಂದು ಎದ್ದು ಹೋಗುತ್ತಾರೆ. ತಿಳಿಸುವುದಿಲ್ಲ. ಮರುದಿನ ಬಸ್ ಸ್ಟ್ಯಾಂಡಿನಲ್ಲಿ ಕಾಯಿಪಲ್ಯೆ ಮಾರುವವಳು, ‘ಏನಾತ್ರಿ ಟೀಚರ್?’ ಎಂದು ಕೇಳುತ್ತಾಳೆ. ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು.

ಒಂದು ದಸರೆಯ ಹೊತ್ತಿಗೆ ಅಣ್ಣನಿಗೆ ಖಡಾಖಂಡಿತವಾಗಿ ಹೇಳಿಬಿಟ್ಟೆ, ‘ಇನ್ನ ಮ್ಯಾಲೆ ನಾ ಯಾರ ಮುಂದೂ ಕುಂದ್ರಂಗಿಲ್ಲ. ನನ್ನ ಯಾರೂ ನೋಡಾಕ ಬರೂದು ಬ್ಯಾಡ. ಆದ್ರ ನಾ ಮೆಚ್ಚಿದಾಂವನ ಕೂಡ ಮದುವಿ, ಇಲ್ಲಂದ್ರ ಇಲ್ಲ.’

ಅಣ್ಣ ‘ಆತು’ ಎಂದ. ಜಗಳ ಆಡಲಿಲ್ಲ, ಅವ್ವನ ಆತ್ಮವನ್ನು ನಡುವೆ ಎಳೆದು ತರಲಿಲ್ಲ. ಅಷ್ಟು ಸುಲಭಕ್ಕೆ ಒಪ್ಪಿದ್ದನ್ನು ನೋಡಿ ನಾನು ಅವತ್ತೇ ಎಚ್ಚರಾಗಬೇಕಿತ್ತು. ಆಗಲಿಲ್ಲ. ಯಾರೂ ನನ್ನನ್ನು ತೂಗಿ ನೋಡದ ದಿನಗಳು ಶುರುವಾದವು ಎಂದು ಹಿಗ್ಗಿದೆ.

ಜನವರಿಯಲ್ಲಿ ವೈನಿ ಮೊಬೈಲು ಹಿಡಿದುಕೊಂಡು ಬಂದಳು. ಹೊನ್ನಾವರದ ಹತ್ತಿರ ದಂಡೆಯ ಮೇಲೆ ತೆಂಗಿನ ಗರಿ ಹೊದಿಸಿದ ಸಣ್ಣ ಜೋಪಡಿಗಳು, ಒಳಗೆ ಮೆತ್ತನೆ ಹಾಸಿಗೆ, ಹಳದಿ ದೀಪ. ಎರಡನೇ ಶನಿವಾರ, ರವಿವಾರ ಹೋಗಿ ಬರೋಣ, ನೀನು ಸಮುದ್ರ ಎಲ್ಲಿ ನೋಡಿದ್ದಿ ಎಂದಳು. ನಾನು ನೋಡಿರಲಿಲ್ಲ, ನಿಜ. ಕೊಲ್ಹಾರದ ಸೇತುವೆಯ ಮೇಲೆ ನಿಂತು ಹಿನ್ನೀರು ನೋಡಿದವರಿಗೆ ಸಮುದ್ರ ಇನ್ನೆಷ್ಟು ದೊಡ್ಡದಿದ್ದೀತು ಎಂದುಕೊಂಡಿದ್ದೆ. ಪಕ್ಕದ ಮನೆಯ ಮುದುಕಿ ಫೋಟೋ ನೋಡಿ ಗಲ್ಲಕ್ಕೆ ಕೈ ಹಚ್ಚಿದಳು. ‘ಹೊಲದಾಗ ಜೋಪಡಿ ಇದ್ದ ಮಂದಿ ನೀವು, ರೊಕ್ಕಾ ಕೊಟ್ಟು ಜೋಪಡ್ಯಾಗ ಮಲಗಾಕ ಹೊಂಟೀರೇನ್ರವಾ?’

ಅಣ್ಣನ ಕಾರಿನಲ್ಲಿ ಹೊರಟೆವು. ನಮ್ಮ ಕಡೆಯ ಚಳಿಗೆ ತುಟಿ, ಹಿಮ್ಮಡಿ ಒಡೆದಿದ್ದವು, ಮೈಮೇಲೆ ಶಾಲಿತ್ತು. ಘಟ್ಟ ಇಳಿಯುತ್ತಿದ್ದಂತೆ ಶಾಲು ಬೇಡವಾಯಿತು. ದಂಡೆಗೆ ಮುಟ್ಟಿ, ಚೀಲ ಇಳಿಸುವ ಮೊದಲೇ ನಾನು ನೀರಿಗೆ ಓಡಿದೆ. ಮೊದಲ ತೆರೆ ಕಾಲಿಗೆ ಬಡಿದಾಗ ಚೀರಿದೆ, ಎರಡನೆಯದಕ್ಕೆ ಬಿದ್ದೆ, ಮೂರನೆಯದಕ್ಕೆ ಬಿದ್ದಲ್ಲೇ ಕೂತು ನಕ್ಕೆ. ಕೂದಲು ಬಿಚ್ಚಿ ಹೋಯಿತು, ಚೂಡಿದಾರ ಸೊಂಟದವರೆಗೆ ತೊಯ್ದಿತು. ಮನೆಯಲ್ಲಿ ನಾನು ಜೋರಾಗಿ ನಕ್ಕರೆ ಕಿಟಕಿಯ ಕಡೆ ನೋಡುವ ಅಣ್ಣ ಅಲ್ಲಿ ಕೈ ಬೀಸಿ, ‘ಆಡು, ಆಡು’ ಎನ್ನುತ್ತಿದ್ದ. ಪಾಪ, ಇವನೂ ಸಡಿಲಾದ ಎಂದು ನನಗೆ ಅವನ ಮೇಲೆ ಪ್ರೀತಿ ಉಕ್ಕಿತು.

ಜೋಪಡಿ ಬಹಳ ಚಂದ ಇತ್ತು, ಸುಳ್ಳೇಕೆ ಹೇಳಲಿ. ಒಳಗೆ ಹೊಕ್ಕರೆ ಒಣ ಗರಿಯ ವಾಸನೆ, ಬೆಚ್ಚಗಿನ ಮೂಲೆ, ಬಾಗಿಲು ತೆರೆದರೆ ಎದುರಿಗೆ ನೀರು. ಹೊಸಿಲಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದಾಗ ಪಕ್ಕದ ಜೋಪಡಿಯಿಂದ ಒಂದು ದನಿ ಕೇಳಿತು. ‘ಏ, ಟಾವೆಲ್ ಎಲ್ಲೆ ಒಗದೀಯೋ? ಉಸುಕಾಗ ಹುಡುಕಾಕತ್ತೇನಿ!’

ನಮ್ಮ ಮಾತು! ಅಷ್ಟು ದೂರ ಬಂದು ನಮ್ಮ ಕಡೆಯ ಮಾತು ಕಿವಿಗೆ ಬಿದ್ದರೆ ಏನಾಗುತ್ತದೆ ಎನ್ನುವುದು ನಮ್ಮವರಿಗೇ ಗೊತ್ತು. ಅಲ್ಲಿಯವರೆಗೆ ಹೋಟೆಲಿನಲ್ಲಿ, ಪೆಟ್ರೋಲ್ ಬಂಕಿನಲ್ಲಿ ನಾವು ಬಾಯಿ ತೆಗೆದರೆ ಜಗಳಕ್ಕೆ ನಿಂತಿದ್ದೇವೆ ಎನ್ನುವ ಹಾಗೆ ಜನ ನೋಡುತ್ತಿದ್ದರು. ನಾನೇ ಎದ್ದು ಹೋಗಿ ಮಾತಾಡಿಸಿದೆ, ‘ಯಾವ ಊರ್ರಿ ನಿಮ್ಮದು?’ ಹೌದು, ನಾನೇ. ಯಾರೂ ನನ್ನನ್ನು ನೂಕಲಿಲ್ಲ.

ನಮ್ಮ ಜಿಲ್ಲೆಯ ಇಂಡಿ ಊರಿನವರು. ಒಬ್ಬ ತಾಯಿ, ಒಬ್ಬ ಮಗ. ನಿಂಬೆ ತೋಟ ಇದೆ, ಪ್ಯಾಟಿಯಲ್ಲಿ ಗೊಬ್ಬರದ ಅಂಗಡಿ ಇದೆ. ಮಗನಿಗೆ ನಲವತ್ತರ ಹತ್ತಿರ ಇರಬೇಕು, ಹೆಂಡತಿ ತೀರಿಕೊಂಡು ಮೂರು ವರ್ಷವಾಗಿತ್ತು. ತಾಯಿ ನನ್ನ ಕೈ ಹಿಡಿದು ಪಕ್ಕಕ್ಕೆ ಕೂಡಿಸಿಕೊಂಡರು. ರಾತ್ರಿ ಊಟ ಕೂಡಿಯೇ ಮಾಡಿದೆವು. ವೈನಿ ಬುತ್ತಿ ಕಟ್ಟಿದ್ದ ಗರಿಗರಿ ಕಟಕ ರೊಟ್ಟಿಯನ್ನು ಆ ತಾಯಿ ಬೆಳಕಿಗೆ ಹಿಡಿದು, ‘ಎಷ್ಟ ತೆಳ್ಳಗ ಐತಿ! ಯಾರ ಬಡದಾರವಾ?’ ಎಂದು ಕೇಳಿದರು. ‘ಇಕಿನ ರೀ, ನಮ್ಮ ನಾದಿನಿ’ ಎಂದಳು ವೈನಿ. ಆ ರೊಟ್ಟಿಯನ್ನು ಬಾಗೇವಾಡಿಯಲ್ಲಿ ರೊಟ್ಟಿ ಬಡಿದು ಮಾರುವವರ ಮನೆಯಿಂದ ನಾನೇ ಕೊಂಡು ತಂದಿದ್ದೆ. ವೈನಿ ಚೇಷ್ಟೆ ಮಾಡುತ್ತಿದ್ದಾಳೆ ಎಂದುಕೊಂಡು ಬಿದ್ದು ಬಿದ್ದು ನಕ್ಕೆ. ‘ಹೌದ್ರಿ, ನಾ ರೊಟ್ಟಿ ಬಡದ್ರ ಓಣಿ ಮಂದಿ ಭೂಕಂಪ ಅಂತ ಹೊರಗ ಬರ್ತಾರ’ ಎಂದೆ. ಮಗ ನಕ್ಕ. ವೈನಿ ನಗಲಿಲ್ಲ.

ರವಿವಾರ ಬೆಳಿಗ್ಗೆ ನಾನು ದಂಡೆಯ ಮೇಲೆ ನಡೆಯಲು ಹೊರಟಾಗ ಆ ಮಗನೂ ಬಂದ. ಅಣ್ಣ ಜೋಪಡಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದ, ಬೇಡ ಎನ್ನಲಿಲ್ಲ. ಅವನು ನಿಂಬೆ ಗಿಡದ ಬಗ್ಗೆ ಮಾತಾಡಿದ, ನಾನು ಭಾಗಾಕಾರ ಬರದೆ ಹತ್ತನೇ ತರಗತಿಗೆ ಬರುವ ಹುಡುಗರ ಬಗ್ಗೆ. ಅವನು ಮಾತು ಕೇಳುವ ರೀತಿ ನನಗೆ ಹಿಡಿಸಿತು. ನಡುವೆ ಬಾಯಿ ಹಾಕುತ್ತಿರಲಿಲ್ಲ. ಹೆಂಡತಿ ಹೋದ ಮೇಲೆ ಮೊದಮೊದಲು ಮನೆಯಲ್ಲಿ ರೇಡಿಯೋ ಹಚ್ಚಿಯೇ ಇಡುತ್ತಿದ್ದೆ ಎಂದು ಹೇಳಿದ. ಆಮೇಲೆ ಕೇಳಿದ, ‘ಮದುವಿ ಆದ ಮ್ಯಾಲೂ ನೌಕರಿ ಮಾಡಬೇಕಂತ ಐತೇನ್ರಿ ನಿಮಗ?’

‘ನೌಕರಿ ಬಿಡು ಅನ್ನಾಂವನ್ನ ಮೊದಲ ಬಿಡ್ತೇನಿ’ ಎಂದೆ.

ಅವನು ಗಟ್ಟಿಯಾಗಿ ನಕ್ಕ. ಆ ನಗುವನ್ನು ನಂಬಿದೆ. ವಾಪಸು ಬರುವಾಗ, ಹೊರಡುವ ಮೊದಲು ಇವನ ನಂಬರು ನಾನೇ ಕೇಳಬೇಕು ಎಂದು ಮನಸ್ಸಿನಲ್ಲಿ ನಿಶ್ಚಯ ಮಾಡಿಕೊಂಡಿದ್ದೆ. ನಾನು ಮೆಚ್ಚಿದವನು ಸಿಕ್ಕರೆ ಎಂದು ಬಾಯಿ ಮಾತಿಗೆ ಹೇಳಿದ್ದು ಹೀಗೆ ನಿಜವಾಗಬಹುದು ಎಂದು ನಾನೂ ಅಂದುಕೊಂಡಿರಲಿಲ್ಲ. ಆದರೆ ನಾವು ಜೋಪಡಿಗೆ ಮುಟ್ಟುವಷ್ಟರಲ್ಲಿ ಅವನ ತಾಯಿ ಚೀಲ ಕಟ್ಟಿ ನಿಂತಿದ್ದರು. ಗಡಿಬಿಡಿಯಲ್ಲಿ ಅವರು ಹೊರಟೇ ಹೋದರು, ಕೇಳುವುದು ಆಗಲಿಲ್ಲ. ಇಂಡಿ ಏನು ಪರದೇಶವೇ, ಹುಡುಕಿದರೆ ಸಿಗುತ್ತಾನೆ ಎಂದು ಸಮಾಧಾನ ಮಾಡಿಕೊಂಡೆ.

ಹುಬ್ಬಳ್ಳಿ ದಾಟಿದ ಮೇಲೆ ಅಣ್ಣನಿಗೆ ಫೋನು ಬಂತು. ಅವನ ಮೊಬೈಲು ಕಾರಿನ ಸ್ಪೀಕರಿಗೆ ಕೂಡಿಕೊಂಡಿರುತ್ತದೆ, ಅದು ಅವನಿಗೆ ಮರೆತಿತ್ತು. ಕಾರಿನ ತುಂಬ ಆ ತಾಯಿಯ ದನಿ ಕೇಳಿತು.

‘ನೋಡ್ರಿ, ನೀವು ಹೇಳಿದಂಗ ನಿಮ್ಮ ತಂಗಿಗೆ ಗೊತ್ತಾಗದಂಗ ನೋಡೀವಿ. ನನಗಂತೂ ಹುಡುಗಿ ಪಸಂದ ಆಗಿದ್ಲು. ಆದ್ರ ನನ್ನ ಮಗ ಒಲ್ಲೆ ಅಂತಾನ್ರಿ. ಎರಡ ದಿನ ನಕ್ಕೋತ ಇರಾಕ ಚಲೋ ಅದಾಳ, ಮನಿಗೆ ಆಗಾಕಿ ಅಲ್ಲ ಅಂತಾನ. ತಪ್ಪ ತಿಳ್ಕೋಬ್ಯಾಡ್ರಿ.’

ಅಣ್ಣ ಗುಂಡಿ ಹುಡುಕಿ ಒತ್ತುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಾನು ಹಿಂದಿನ ಸೀಟಿನಲ್ಲಿದ್ದೆ. ಆಮೇಲೆ ವೈನಿ ಅಳತೊಡಗಿದಳು. ಸಿಂದಗಿ ಹತ್ತಿರದ ಕನ್ನೊಳ್ಳಿಯಲ್ಲಿರುವ ಅವಳ ತವರಿನವರೇ ಈ ಸಂಬಂಧ ಹುಡುಕಿದ್ದರಂತೆ. ಜೋಪಡಿ ಎರಡನ್ನೂ ಒಟ್ಟಿಗೇ ಗೊತ್ತು ಮಾಡಿದ್ದರಂತೆ. ‘ನಿನ್ನ ಚಲೋಕ್ಕ ಮಾಡೀವವಾ. ಊರಾಗ ನೋಡಾಕ ಬಂದು ಆಗಲಿಲ್ಲಂದ್ರ ಮತ್ತ ನಿನಗ ನೋವಾಗ್ತಿತ್ತಲ್ಲ’ ಎಂದಳು. ಅವಳು ಸುಳ್ಳು ಹೇಳುತ್ತಿರಲಿಲ್ಲ. ಪ್ರೀತಿಯಿಂದಲೇ ಮಾಡಿದ್ದಳು. ಅದಕ್ಕೇ ಅವಳನ್ನು ಬೈಯಲೂ ಬರಲಿಲ್ಲ, ಕ್ಷಮಿಸಲೂ ಬರಲಿಲ್ಲ.

ಅಣ್ಣ ಕನ್ನಡಿಯಲ್ಲಿ ನನ್ನ ಮುಖ ನೋಡಿ ಹೇಳಿದ, ‘ಹೋಗ್ಲಿ ಬಿಡು. ಊರಾಗ ಯಾರಿಗೂ ಗೊತ್ತಿಲ್ಲ.’

ಅಷ್ಟರ ಮಟ್ಟಿಗೆ ಅವರ ಕೆಲಸ ಪಕ್ಕಾ ಇತ್ತು. ಮರುದಿನ ಬಸ್ ಸ್ಟ್ಯಾಂಡಿನಲ್ಲಿ ಯಾರೂ ನನ್ನನ್ನು ಏನೂ ಕೇಳಲಿಲ್ಲ. ಸ್ಟಾಫ್ ರೂಮಿನಲ್ಲಿ, ಸಮುದ್ರ ಹ್ಯಾಂಗಿತ್ರಿ ಎಂದಷ್ಟೇ ಕೇಳಿದರು, ಚಂದ ಇತ್ತು ಎಂದೆ. ಬೇಸಿಗೆಯಲ್ಲಿ ವೈನಿ, ಊಟಿಗೆ ಹೋಗೂಣೇನು ಎಂದಳು. ‘ಅಲ್ಲಿ ಯಾವ ಊರಾಂವ ಬರ್ತಾನ?’ ಎಂದು ಕೇಳಿದೆ. ಅವಳು ಮುಖ ಸಣ್ಣದು ಮಾಡಿಕೊಂಡು, ಆಣೆ ಮಾಡಿ, ನಾವು ಮೂರೇ ಮಂದಿ ಎಂದಳು. ನಿಜವೇ ಇದ್ದೀತು. ನಾನು ಹೋಗಲಿಲ್ಲ.

ಬೇಡ ಅನ್ನಿಸಿಕೊಳ್ಳುವುದು ನನಗೆ ಹೊಸದಲ್ಲ. ಮೊದಲು ಬಂದವರೆಲ್ಲ ಬೇಡ ಅಂದದ್ದು ಸೀರೆ ಉಟ್ಟು ಸುಮ್ಮನೆ ಕೂತ ಯಾರೋ ಒಬ್ಬಳನ್ನು. ಬಣ್ಣ ಕಡಿಮೆ, ವಯಸ್ಸು ಹೆಚ್ಚು ಅಂದರು. ಅವಳು ಎಂಥವಳು ಎಂದು ಅವರಿಗೇನು ಗೊತ್ತಿತ್ತು? ಅವರು ಎದ್ದು ಹೋದ ಮೇಲೆ ನಾನು ಸೀರೆ ಬಿಚ್ಚಿಟ್ಟು, ಅವರಿಗೆ ನಾನು ಗೊತ್ತೇ ಇಲ್ಲ ಎಂದು ಹೇಳಿಕೊಂಡು ಉಂಡು ಮಲಗುತ್ತಿದ್ದೆ. ಆ ಮಾತು ಇಷ್ಟು ವರ್ಷ ನನ್ನನ್ನು ಕಾಯ್ದಿತ್ತು. ಈ ಇಂಡಿಯವನ ವಿಷಯದಲ್ಲಿ ಹಾಗೆ ಹೇಳಿಕೊಳ್ಳಲು ನನಗೆ ಬರುವುದಿಲ್ಲ. ಇವನು ನಾನು ನಗುವುದನ್ನು ನೋಡಿದ, ನನ್ನ ಮಾತು ಕೇಳಿದ, ಎರಡು ದಿನ ನಾನು ಹೇಗಿದ್ದೇನೋ ಹಾಗೇ ನೋಡಿದ. ನೋಡಿ, ತಿಳಿದು, ಬೇಡ ಅಂದ.