ಎತ್ತರದಿಂದ ಸುರಿದ ನೀರು

ದೇವಣಗಾಂವದಲ್ಲಿ ಜೋಳ ಕೀಳುವ ಹೆಂಗಸರಿಗೆಲ್ಲ ದಲಿತ ಕೇರಿಯ ಸಾವಂತ್ರವ್ವನೇ ಮುಂದಾಳು. ಅವಳ ಬಾಯಿಗೆ ಗೌಡರೂ ಅಂಜುತ್ತಿದ್ದರು. ಗಂಡ ರಾವಸಾಬ ಏಡ್ಸ್ ಬಂದು ಹಾಸಿಗೆ ಹಿಡಿದಾಗ ಊರು ದೂರ ಸರಿಯಿತು. ಅವಳು ಮಾತ್ರ ಕಡೇತನಕ ಅವನ ತಾಟಿನಲ್ಲೇ ಉಂಡಳು. ಮುಟ್ಟಿದರೆ, ಜೊತೆಗೆ ಉಂಡರೆ ಇದು ಬರೋದಿಲ್ಲ ಎಂದು ವಿಜಾಪುರದ ದವಾಖಾನೆಯ ನರ್ಸಬಾಯಿ ಹೇಳಿದ್ದಳು. ಅಷ್ಟು ಸಾಕಿತ್ತು ಅವಳಿಗೆ.

ಎರಡು ಸಾವಿರದ ಮೂರರ ಸುಗ್ಗಿಯ ಹೊತ್ತಿಗೆ ಅದೇ ರೋಗ ಬಾಳಮ್ಮ ಗೌಡ್ತಿಯ ಮಗ ಕಲ್ಮೇಶನಿಗೂ ಬಂತು. ಅವನ ಹಾಸಿಗೆ ಹಿತ್ತಲಿನ ದನದ ಕೊಟ್ಟಿಗೆಗೆ ಹೋಯಿತು. ಒಂದು ಮಧ್ಯಾಹ್ನ ಸಾವಂತ್ರವ್ವ ತನ್ನ ಹೆಂಗಸರೊಂದಿಗೆ ನೀರು ಕೇಳಲು ಹಿತ್ತಲಿಗೆ ಬಂದಾಗ, ಬಾಳಮ್ಮ ತಂಬಿಗೆಯನ್ನು ಎತ್ತರಕ್ಕೆ ಹಿಡಿದು ಮಗನ ಬೊಗಸೆಗೆ ನೀರು ಸುರಿಯುತ್ತಿದ್ದಳು. ಮೂವತ್ತು ವರ್ಷ ಸಾವಂತ್ರವ್ವನ ಬೊಗಸೆಗೂ ಹಾಗೇ ಸುರಿದ ಕೈ ಅದು.

ಸಾವಂತ್ರವ್ವನಿಗೆ ಸಿಟ್ಟು ನೆತ್ತಿಗೇರಿತು. ಎಂದೂ ಮುಟ್ಟದ ಆ ತಂಬಿಗೆಯನ್ನು ಕಸಿದುಕೊಂಡು ಕಲ್ಮೇಶನ ಪಕ್ಕ ಕೂತಳು, ಅವನ ತುಟಿಗೆ ಹಿಡಿದಳು. ಅವನು ಕುಡಿದು ಉಳಿಸಿದ ನೀರನ್ನು ತಾನೂ ಬಾಯಿ ಹಚ್ಚಿ ಕುಡಿದಳು.

"ಏ ಸಾವಂತ್ರಿ, ಏನ್ ಮಾಡಾಕತ್ತಿ?" ಬಾಳಮ್ಮ ಚೀರಿದಳು.

"ನೀರು ಕುಡ್ಯಾಕತ್ತೇನ್ರಿ ಅವ್ವಾರ. ಇಷ್ಟ್ ವರ್ಷ ನಮಗ ಮ್ಯಾಲಿಂದ ಸುರದ್ರಿ, ನಮಗ ಯಾವ ರೋಗ ಇತ್ರಿ? ಈಗ ಅದೇ ರೂಢಿ ನಿಮ್ಮ ಹೊಟ್ಯಾಗ ಹುಟ್ಟಿದವಗ ಬಂತು."

ಸಾವಂತ್ರವ್ವ ತಂಬಿಗೆ ತುಂಬಿ ಬಾಳಮ್ಮನ ಕೈಗಿಟ್ಟಳು.

"ಹಿಡೀರಿ, ಬಾಜೂಕ ಕೂತು ಮಗಗ ಕುಡಸ್ರಿ. ಆಮ್ಯಾಲ ಹೊರಗ ಕೊಡ್ರಿ. ಹತ್ತು ಮಂದಿ ನೀರಡಿಸಿ ನಿಂತಾರ, ಅವರೂ ಬಾಯಿ ಹಚ್ಚೇ ಕುಡೀತಾರ."