ಕೀಪರ್ ಖಲಾಸ್

ಗಲ್ಫಿನ ರುಸೈಲ್‌ನ ನಮ್ಮ ಪೇಂಟ್ ಫ್ಯಾಕ್ಟರಿಯಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ವಾರವಿಡೀ ಅವರು ಸ್ಟೋರ್ ಕೀಪರ್, ಶುಕ್ರವಾರ ಬೆಳಿಗ್ಗೆ ನಮ್ಮ ಕ್ರಿಕೆಟ್ ಟೀಮಿನ ಕ್ಯಾಪ್ಟನ್ ಮತ್ತು ವಿಕೆಟ್ ಕೀಪರ್. ಹಾಗಾಗಿ ಎಲ್ಲ ದಿನವೂ ಎಲ್ಲರಿಗೂ ಅವರು ಬರೀ ಕೀಪರ್. ನಮ್ಮ ಕಫೀಲ್, ಅಂದರೆ ನಮಗೆಲ್ಲ ವೀಸಾ ಕೊಟ್ಟ ಅರಬ್ ಮಾಲೀಕ ಕೂಡ, ಫ್ಯಾಕ್ಟರಿಗೆ ಬಂದಾಗ ಹಾಗೆಯೇ ಕರೆಯುತ್ತಿದ್ದ. ಉಳ್ಳಾಲದ ಕಡೆಯ ಬ್ಯಾರಿ, ಐವತ್ತು ದಾಟಿದವರು, ಸಕ್ಕರೆ ಕಾಯಿಲೆ ಬೇರೆ. ಕಿರಿಯ ಮಗಳ ನರ್ಸಿಂಗ್ ಓದು ಮುಗಿಯುವವರೆಗೆ ಹೇಗಾದರೂ ಇಲ್ಲಿ ದಿನ ತಳ್ಳಬೇಕು ಎನ್ನುವುದೊಂದೇ ಅವರ ಲೆಕ್ಕಾಚಾರ.

ನಾನು ಪರ್ಚೇಸ್ ವಿಭಾಗದಲ್ಲಿ ಕುರ್ಚಿ ಬಿಸಿ ಮಾಡುವವನು, ಟೀಮಿನಲ್ಲಿ ಫಸ್ಟ್ ಸ್ಲಿಪ್. ಅಂದರೆ ವರ್ಷಗಟ್ಟಲೆ ಅವರ ಬಲಗೈಯ ಪಕ್ಕದಲ್ಲೇ ನಿಂತವನು. ಅವರ ಆಟ ಇಳಿದದ್ದನ್ನು ನನ್ನಷ್ಟು ಹತ್ತಿರದಿಂದ ನೋಡಿದವರು ಬೇರೆ ಯಾರೂ ಇಲ್ಲ. ಮೊದಲು ಲೆಗ್ ಸೈಡಿನ ಬಾಲುಗಳು ತಪ್ಪತೊಡಗಿದವು. ವಯಸ್ಸು, ಮೊಣಕಾಲು ಬಗ್ಗುವುದಿಲ್ಲ ಅಂದುಕೊಂಡೆವು. ಆಮೇಲೆ ನೇರ ಬಂದ ಬಾಲೂ ಎದೆಗೆ ಬಡಿದ ಮೇಲೆ ಗ್ಲೌಸಿಗೆ ಸಿಗುತ್ತಿತ್ತು. ಒಂದು ಶುಕ್ರವಾರ ಗ್ಲೌಸ್ ಎತ್ತಲೇ ಇಲ್ಲ, ಬಾಲು ಗದ್ದಕ್ಕೆ ಬಡಿದು ಮ್ಯಾಟಿನ ಮೇಲೆ ರಕ್ತ ಬಿತ್ತು. "ಬಿಸಿಲು ಮಾರಾಯ, ಕಣ್ಣಿಗೆ ಹೊಡೀತು" ಅಂದರು. ಸೂರ್ಯ ನಮ್ಮ ಬೆನ್ನ ಹಿಂದೆ ಇದ್ದ.

ಆ ಮಧ್ಯಾಹ್ನ ಕ್ಯಾಂಪಿನ ಎದುರಿನ ಟೀ ಅಂಗಡಿಯಲ್ಲಿ ಟೀಮ್ ಸೇರಿತು. ಕೀಪರ್ ಗಾಯಕ್ಕೆ ಹೊಲಿಗೆ ಹಾಕಿಸಿಕೊಳ್ಳಲು ಹೋಗಿದ್ದರು. ನಾನು ಸುತ್ತಿ ಬಳಸಿ ಮಾತಾಡುವವನಲ್ಲ. ಗ್ಲೌಸೂ ಬೇರೆಯವರಿಗೆ ಹೋಗಲಿ, ಕ್ಯಾಪ್ಟನ್ಸಿಯೂ ಹೋಗಲಿ ಅಂದೆ.

ನಮ್ಮ ಎಡಗೈ ಬೌಲರ್‌ಗೆ ಸಿಟ್ಟು ನೆತ್ತಿಗೇರಿತು. ಮೂಡಬಿದಿರೆಯ ಹುಡುಗ, ಮಿಕ್ಸಿಂಗ್ ಸೆಕ್ಷನ್ನಿನವನು. "ನನ್ನ ಅರ್ಧ ವಿಕೆಟ್ ಅವರ ಬಾಯಿಂದ ಬಂದದ್ದು" ಅಂದ. ಅದು ಸುಳ್ಳಲ್ಲ. ಬ್ಯಾಟ್ಸ್‌ಮನ್ ಪಾಕಿಸ್ತಾನಿಯಾಗಲಿ ಹೈದರಾಬಾದಿಯಾಗಲಿ, ಅವನ ಕಾಲು ನೋಡಿಕೊಂಡು ಕೀಪರ್ ತುಳುವಿನಲ್ಲಿ 'ಉಲಾಯಿ' ಅಂದರೆ ಬಾಲು ಒಳಗೆ ತರಬೇಕು, 'ಪಿದಾಯಿ' ಅಂದರೆ ಹೊರಗೆ. ಎದುರಾಳಿಗಳು ಅದನ್ನು ಏನೋ ಪ್ರಾರ್ಥನೆ ಅಂದುಕೊಳ್ಳುತ್ತಿದ್ದರು.

"ಬಾಯಿ ಬಾಲು ಹಿಡಿಯುದಿಲ್ಲ" ಅಂದೆ ನಾನು.

"ನಿಮಗೆ ಬಾಲು ಮಾತ್ರ ಕಾಣುದು. ನನ್ನ ಅಪ್ಪ ತೀರಿಕೊಂಡಾಗ ಮ್ಯಾನೇಜರ್ ರಜೆ ಇಲ್ಲ ಅಂದ. ಕಫೀಲ್‌ನ ಮನೆ ಬಾಗಿಲಲ್ಲಿ ಹೋಗಿ ನಿಂತದ್ದು ಯಾರು? ಕ್ಯಾಪ್ಟನ್ ಅಂದ್ರೆ ಅದು."

ನನಗೂ ಅದು ಗೊತ್ತಿತ್ತು. ಕಲ್ಲು ತುಂಬಿದ್ದ ಬಯಲನ್ನು ಸಲಿಕೆ ಹಿಡಿದು ಮೈದಾನ ಮಾಡಿದವರೂ ಅವರೇ. ಕ್ಯಾಚ್ ಬಿಟ್ಟವನ ಹೆಗಲಿಗೆ ಕೈ ಹಾಕಿ ಓವರ್ ಮುಗಿಯುವವರೆಗೆ ಬೇರೆ ಏನಾದರೂ ಮಾತಾಡುತ್ತಿದ್ದರು. ಆದರೆ ಮಾಡಿದ ಉಪಕಾರಕ್ಕೆ ಗ್ಲೌಸ್ ಕೊಡುವುದಾದರೆ, ಮುಂದಿನ ಬಾಲು ಗದ್ದಕ್ಕಲ್ಲ, ಕಣ್ಣಿಗೇ ಬಡಿಯುತ್ತದೆ. ಅದನ್ನೇ ಹೇಳಿದೆ. ವಾದ ಎಳೆದಾಡುತ್ತಲೇ ಇದ್ದಾಗ ಗದ್ದಕ್ಕೆ ಪಟ್ಟಿ ಅಂಟಿಸಿಕೊಂಡು ಅವರೇ ಬಂದು ಕೂತರು. ನಾನು ಅವರ ಮುಖ ನೋಡಿಯೇ ಹೇಳಿದೆ, "ನಿಮಗೆ ಬಾಲು ಕಾಣುದಿಲ್ಲ. ಬಿಟ್ಟುಬಿಡಿ."

ಅವರು ಟೀ ಕುಡಿದು ಮುಗಿಸಿದರು. "ಆಯ್ತು. ಆದ್ರೆ ಕಫೀಲ್‌ಗೆ ನಾನೇ ಹೇಳ್ತೇನೆ. ಮೊದಲ ಜೆರ್ಸಿ ಕೊಟ್ಟು ಕ್ಯಾಪ್ಟನ್ ಮಾಡಿದ್ದು ಅವ" ಅಂದರು.

ಮರುದಿನವಲ್ಲ, ಅದರ ಮರುದಿನ ಕಫೀಲ್ ಫ್ಯಾಕ್ಟರಿ ನೋಡಲು ಬಂದ. ನಾನು ಸ್ಯಾಂಪಲ್ ಹಿಡಿದುಕೊಂಡು ಮ್ಯಾನೇಜರನ ಹಿಂದೆ ನಿಂತಿದ್ದೆ. ಕೀಪರ್ ಸ್ಟೋರಿನಿಂದ ಹೊರಗೆ ಬಂದು, ಸಲಾಂ ಹೇಳಿ, ಎದೆಯ ಮೇಲೆ ಕೈಯಿಟ್ಟು ಅಂದರು, "ಬಾಬಾ, ಕೀಪರ್ ಖಲಾಸ್."

ಜೆರ್ಸಿ ಕೊಡಿಸಿದ್ದನಾದರೂ ಕ್ರಿಕೆಟ್ ಎಂದರೆ ಏನೆಂದೇ ಗೊತ್ತಿಲ್ಲದ ಒಳ್ಳೆಯ ಮನುಷ್ಯ ಅವನು. ಕೀಪರ್ ನಿಂತದ್ದು ಸ್ಟೋರಿನ ಬಾಗಿಲಲ್ಲಿ, ಮೈಮೇಲೆ ಇದ್ದದ್ದು ಸ್ಟೋರಿನ ನೀಲಿ ಕೋಟು. ಅವನು ಕೀಪರನ್ನು ಅಪ್ಪಿಕೊಂಡ, ಮಕ್ಕಳು ಮರಿ ಹೇಗಿದ್ದಾರೆ ಅಂತ ಕೇಳಿದ, ಕಣ್ಣೊರೆಸಿಕೊಂಡ. ಒಂದು ಆಟ ಬಿಟ್ಟದ್ದಕ್ಕೆ ಇಷ್ಟೊಂದಾ ಅಂತ ನನಗೆ ಒಳಗೊಳಗೇ ನಗು. ಆಮೇಲೆ ಅವನು ಮ್ಯಾನೇಜರಿಗೆ ಅರಬಿಯಲ್ಲಿ ಏನೋ ಹೇಳಿ ಕಾರು ಹತ್ತಿದ.

ಅದೇ ವಾರ ಕಂಪನಿಯ ಪಿಆರ್‌ಒ, ವೀಸಾ ಕೆಲಸ ನೋಡುವವನು, ಸ್ಟೋರಿಗೆ ಬಂದ. ಕೀಪರ್ ಕೆಲಸ ಬಿಟ್ಟು ಊರಿಗೆ ಹೋಗುತ್ತಾರಂತೆ, ವೀಸಾ ಕ್ಯಾನ್ಸಲ್ ಮಾಡಿ ಒಳ್ಳೆಯ ಟಿಕೆಟ್ ಕೊಟ್ಟು ಕಳಿಸಬೇಕಂತೆ, ಕಫೀಲ್‌ನ ಅಪ್ಪಣೆ. ಕಂಪ್ಯೂಟರ್ ಕಲಿತ ಹುಡುಗನೊಬ್ಬ ಬೇಕೆಂದು ಕಾದಿದ್ದ ಮ್ಯಾನೇಜರಿಗೆ ರೊಟ್ಟಿ ಜಾರಿ ತುಪ್ಪಕ್ಕೆ ಬಿದ್ದಂತಾಗಿತ್ತು.

ಸುದ್ದಿ ಕೇಳಿ ನನಗೆ ಮೈಯೆಲ್ಲಾ ಉರಿಯಿತು. ಸ್ಟೋರಿಗೆ ಓಡಿದೆ. ಕೀಪರ್ ಡ್ರಮ್ಮಿನ ಮೇಲೆ ಕೂತಿದ್ದರು.

"ಏಳಿ, ಕಫೀಲ್‌ನ ಮನೆಗೆ ಹೋಗುವ. ನಾನು ಹೇಳ್ತೇನೆ. ಆ ಕೀಪರ್ ಬೇರೆ, ಈ ಕೀಪರ್ ಬೇರೆ ಅಂತ."

"ಕೂತ್ಕೋ" ಅಂದರು. "ಅವ ಕೇಳ್ತಾನೆ, ಆಟ ಯಾಕೆ ಬಿಟ್ಟ ಅಂತ. ಎಂತ ಹೇಳ್ತಿ?"

ನಾನು ಎದುರಿನ ಡ್ರಮ್ಮಿನ ಮೇಲೆ ಕೂತೆ.

"ಕಣ್ಣು ಕಾಣುದಿಲ್ಲ ಅಂದ್ರೆ ಸ್ಟೋರೂ ಹೋಯ್ತು. ಕಾಣ್ತದೆ ಅಂದ್ರೆ ನೀನು ಟೀ ಅಂಗಡಿಯಲ್ಲಿ ಹೇಳಿದ್ದು ಸುಳ್ಳಾಗ್ತದೆ. ಅದು ಸುಳ್ಳಲ್ಲ. ಹೊಲಿಗೆ ಹಾಕಿದ ಡಾಕ್ಟರ್ ಕೂಡ ಅದನ್ನೇ ಹೇಳಿದ್ದು, ಸಕ್ಕರೆ ಕಣ್ಣು ತಿಂದಿದೆ ಅಂತ." ಮತ್ತೆ ಅಂದರು, "ಮೊನ್ನೆ ಥಿನ್ನರ್ ಡಬ್ಬ ಕೇಳಿದವನಿಗೆ ಹಾರ್ಡ್ನರ್ ಡಬ್ಬ ಕೊಟ್ಟೆ. ವಾಸನೆ ನೋಡಿ ಅವನೇ ವಾಪಸ್ ತಂದ. ಎರಡು ಕೀಪರಿಗೂ ಕಣ್ಣು ಒಂದೇ ಅಲ್ವಾ ಮಾರಾಯ."

"ಮಗಳ ಓದು?"

ಅವರು ಕೋಟಿನ ಜೇಬಿನಿಂದ ಪೆನ್ನು ತೆಗೆದರು. ಇವತ್ತಿಗೂ ಯಾರಾದರೂ ಕೇಳಿದರೆ, ಟೀಮಿನಿಂದ ಅವರನ್ನು ಇಳಿಸಬೇಕಿತ್ತು ಅಂತಲೇ ಹೇಳುತ್ತೇನೆ. ಹೇಳಿ ಮುಗಿಸುವಷ್ಟರಲ್ಲಿ ಬಾಯಿ ಕಹಿಯಾಗಿರುತ್ತದೆ.

ಪಿಆರ್‌ಒ ಬಿಟ್ಟುಹೋದ ಕಾಗದ ಅವರ ತೊಡೆಯ ಮೇಲೆ ಇತ್ತು. ಬಾಗಿಲ ಬೆಳಕಿಗೆ ಹಿಡಿದು, ಹತ್ತಿರ ತಂದು, ದೂರ ಮಾಡಿ ನೋಡಿದರು. ಆಮೇಲೆ ನನ್ನ ಕಡೆ ನೀಡಿ, "ಸಹಿ ಎಲ್ಲಿ ಹಾಕಬೇಕು, ತೋರಿಸು" ಅಂದರು.

ಬಾಲು ಬಡಿದೂ ಬಡಿದೂ ಸೊಟ್ಟಗಾಗಿದ್ದ ಅವರ ಬೆರಳು ಹಿಡಿದು ಗೆರೆಯ ಮೇಲೆ ಇಟ್ಟೆ. ಅವರು ಸಹಿ ಹಾಕಿದರು.